ಏಳನೇ ಪುತಳಿ

ನಮ್ಮೂರಿನಲ್ಲಿ ಸತ್ತವರ ಮುಖ ಫೋಟೋದಲ್ಲಿ ನಿಲ್ಲುವುದಿಲ್ಲ. ಪ್ರಾಣ ಹೋದ ದಿನದಿಂದ ಮಸುಕಾಗುತ್ತ ಬಂದು, ತಿಂಗಳು ತುಂಬುವಷ್ಟರಲ್ಲಿ ಕಣ್ಣು, ಮೂಗು, ಬಾಯಿ ಎಲ್ಲ ಅಳಿಸಿಹೋಗಿ, ತೊಳೆದಿಟ್ಟ ತಾಟಿನ ಹಾಗೆ ಬೆಳ್ಳಗೆ ಉಳಿಯುತ್ತದೆ. ಸೀರೆ ಇರುತ್ತದೆ, ಸೀರೆಯ ಅಂಚು ಇರುತ್ತದೆ, ಕೈಯಿಟ್ಟ ಕುರ್ಚಿ ಇರುತ್ತದೆ. ಮೈಮೇಲಿನ ಒಡವೆಯಂತೂ ಒಂದು ಗುಂಜಿಯೂ ಕಡಿಮೆಯಾಗದೆ ಇರುತ್ತದೆ. ಯಾಕೆ ಹೀಗೆ ಎಂದು ಕೇಳುವವರು ಹೊರಗಿನಿಂದ ಬಂದ ಅಳಿಯಂದಿರು ಮಾತ್ರ. ಅವರೂ ಒಂದೆರಡು ವರ್ಷದಲ್ಲಿ ಸುಮ್ಮನಾಗುತ್ತಾರೆ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರು ಕಳೆದವು. ಸ್ಟುಡಿಯೋದ ಗುಲಾಬಸಾಬ ಯಾರಿಗೂ ನಗಲು ಹೇಳುವುದಿಲ್ಲ. "ಕೊಳ್ಳ ಮ್ಯಾಲ ಮಾಡ್ರಿ, ಸೆರಗು ಸರಸ್ರಿ, ಸರ ಕಾಣವಲ್ದು" ಎನ್ನುತ್ತಾನೆ. ದೀಪ ಹಿಡಿಯುವುದು ಎದೆಗೆ, ಮುಖಕ್ಕಲ್ಲ. ನಾವು ಪತ್ತಾರರು ಒಡವೆ ಮಾಡುವಾಗ ಒಂದೊಂದು ಮನೆಗೆ ಒಂದೊಂದು ತಪ್ಪು ಇಡುತ್ತೇವೆ. ಬೇಕೆಂದೇ ಇಡುವ ತಪ್ಪು. ಗಾಣಿಗೇರ ಮನೆಯ ಬೋರಮಾಳದಲ್ಲಿ ಒಂದು ಗುಂಡು ಚಪ್ಪಟೆ. ಮಠದ ಹಿಂದಿನ ಮನೆಯವರ ಬುಗುಡಿಯಲ್ಲಿ ಒಂದು ಮುತ್ತು ಕಡಿಮೆ. ಅಗಸಿ ಬಾಗಿಲ ಹತ್ತಿರದ ದೇಸಾಯರ ಮನೆಯ ಪುತಳಿ ಸರದಲ್ಲಿ ಇಪ್ಪತ್ತೊಂದು ಪುತಳಿ, ನಾಣ್ಯದಂಥ ಬಂಗಾರದ ಬಿಲ್ಲೆಗಳು, ಪ್ರತಿಯೊಂದರ ಮೇಲೂ ಒಬ್ಬ ಲಕ್ಷ್ಮಿ, ಎಡದಿಂದ ಏಳನೆಯವಳು ಮಾತ್ರ ತಲೆಕೆಳಗು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸುವ ಮೊದಲೇ "ನಿಮ್ಮ ಮನಿ ತಪ್ಪು ಯಾವುದ್ರಿ" ಎಂದು ಕೇಳುತ್ತಾರೆ. ತಪ್ಪಿಲ್ಲದ ಮನೆ ಎಂದರೆ ನಮ್ಮಲ್ಲಿ ಬಡವರ ಮನೆ.

ಹಿರಿಯರ ಅಮಾವಾಸ್ಯೆಗೆ ಎಂಟು ದಿನ ಇರುವಾಗ, ಗುರುತು ತಪ್ಪಿದ ಫೋಟೋಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಜನ ಚಾವಡಿಗೆ ಬರುತ್ತಾರೆ. ಅಲ್ಲಿ ಭೂತಗನ್ನಡಿ ಹಿಡಿದು ಐವತ್ತು ವರ್ಷ ಕೂತವನು ನಾನು, ಕಾಳಪ್ಪ ಪತ್ತಾರ. ಒಡವೆ ನೋಡಿ, ತಪ್ಪು ಹುಡುಕಿ, ಮನೆಯ ಹೆಸರು ಹೇಳುತ್ತೇನೆ. ಒಡವೆ ಯಾರದೋ ಫೋಟೋ ಅವರದು. ಹೆಸರು ಸಿಕ್ಕಿದವರಿಗೆ ಗೋಡೆ, ಅಮಾವಾಸ್ಯೆಯ ದಿನ ಹೋಳಿಗೆಯ ಎಡೆ. ಹೆಸರು ಸಿಗದವರನ್ನು ಹೊತ್ತು ಮುಳುಗುವ ಮೊದಲು ಕೆರೆಗೆ ಬಿಡುತ್ತಾರೆ. ನನ್ನ ಬಾಯಿಂದ ಹೆಸರು ಬಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಅದರ ಸೊಕ್ಕು ನನಗೆ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಅಂಗಡಿಯಲ್ಲಿ, ನಾನು ಕೂರುವ ಜಾಗದ ನೆತ್ತಿಯ ಮೇಲೆ ನಮ್ಮವ್ವನ ಫೋಟೋ ಇತ್ತು. ನಾನು ಒಂದೂವರೆ ವರ್ಷದವನಿದ್ದಾಗ ಅವ್ವ ಬನಶಂಕ್ರವ್ವ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ, ಫೋಟೋದಲ್ಲಂತೂ ಇಲ್ಲವೇ ಇಲ್ಲ. ಇದ್ದದ್ದು ಇಷ್ಟು: ಒಂದು ಚೌಕಡಿ ಸೀರೆ, ಕುರ್ಚಿಯ ಬೆನ್ನ ಮೇಲಿಟ್ಟ ಎರಡು ಕೈ, ಕೊರಳಲ್ಲಿ ಒಂದು ಪುತಳಿ ಸರ. ಸಣ್ಣವನಿದ್ದಾಗ ಅಪ್ಪನನ್ನು ಕೇಳಿದ್ದೆ, ಅವ್ವನ ಸರ ಎಲ್ಲೈತಿ ಎಂದು. ಅಪ್ಪ ಊದುಗೊಳವೆ ಕೆಳಗಿಟ್ಟು, "ಹೋತು. ಆಕಿ ಕೂಡ ಅದೂ ಹೋತು" ಎಂದು ಮತ್ತೆ ಊದತೊಡಗಿದ್ದ. ನಾನು ಆಮೇಲೆ ಕೇಳಲಿಲ್ಲ. ದಿನವೂ ಅಂಗಡಿ ತೆರೆದು ಮೊದಲು ಆ ಸರಕ್ಕೆ ಕೈಮುಗಿಯುತ್ತಿದ್ದೆ. ಮುಖ ಇಲ್ಲದ ಮೇಲೆ ಸರವೇ ನನಗೆ ಅವ್ವ. ನನಗೆ ಮಕ್ಕಳಾಗಲಿಲ್ಲ. ಹೆಂಡತಿ ಹೋಗಿ ಒಂಬತ್ತು ವರ್ಷ, ಅವಳು ಫೋಟೋ ತೆಗೆಸಿಕೊಳ್ಳಲು ಒಪ್ಪಲೇ ಇಲ್ಲ. "ನಾ ಸತ್ತ ಮ್ಯಾಲೂ ನನ್ನ ಕೊಳ್ಳ ನೋಡಕೋತ ಕುಂದರ್ತೀಯೇನು" ಎಂದು ನಕ್ಕುಬಿಟ್ಟಿದ್ದಳು. ಹಾಗಾಗಿ ನನ್ನವರು ಎಂದು ಗೋಡೆಯ ಮೇಲೆ ಇದ್ದದ್ದು ಅವ್ವ ಒಬ್ಬಳೇ.

ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಮುಚ್ಚಿಡಬಹುದಿತ್ತು, ಆದರೆ ಮುಂದಿನದು ತಿಳಿಯುವುದಿಲ್ಲ. ದೇಸಾಯರ ಮನೆಯಲ್ಲಿ ಪಾತ್ರೆ ತಿಕ್ಕಿ ಜೀವ ಸವೆಸಿದ ದುರಗವ್ವನ ಮಗಳು ಹುಲಿಗೆವ್ವ ಆ ವರ್ಷ ಚಾವಡಿಗೆ ಒಂದು ಫೋಟೋ ತಂದಳು. ತಾಯಿ ಸತ್ತು ಬಹಳ ವರ್ಷವಾಗಿದ್ದವು. ಟ್ರಂಕಿನ ತಳದಲ್ಲಿ ಅದು ಈಗ ಸಿಕ್ಕಿತ್ತಂತೆ, ಗುರುತು ಹೇಳಿಸಿಕೊಂಡು ಗೋಡೆಗೆ ಹಾಕಬೇಕು ಎಂದು ಬಂದಿದ್ದಳು. ಭೂತಗನ್ನಡಿ ಇಟ್ಟು ನೋಡಿದೆ. ಪುತಳಿ ಸರ, ಏಳನೆಯದು ತಲೆಕೆಳಗು.

"ಇದು ನಿಮ್ಮವ್ವ ಅಲ್ಲವ್ವಾ, ದೇಸಾಯರ ಮನಿ ಹೆಣಮಗಳು. ಅವರ ಕಾಕಿ ಇರಬೇಕು. ಇಂಥಾ ಸರ ನಿಮ್ಮವ್ವಗ ಎಲ್ಲಿಂದ ಬರಬೇಕು?" ಎಂದೆ.

"ಫೋಟೋ ತೆಗಿಯಾಂವ ಅವರ ಮನಿಗೇ ಬಂದಿದ್ನಂತ್ರಿ ಎಪ್ಪಾ. ಆ ಮನಿ ಅವ್ವಾರು ಖುಷೀಲೆ ತಮ್ಮ ಸರ ಬಿಚ್ಚಿ ನಮ್ಮವ್ವನ ಕೊಳ್ಳಾಗ ಹಾಕಿ ನಿಂದರ್ಸಿದ್ರಂತ. ಒಂದು ಗಳಿಗಿ ಅಷ್ಟ. ನಮ್ಮವ್ವನೇ ನನಗ ಹೇಳ್ಯಾಳ್ರಿ."

"ಒಡವಿ ಸುಳ್ಳು ಹೇಳೂದಿಲ್ಲವ್ವಾ."

"ಸರ ಬಿಡ್ರಿ ಎಪ್ಪಾ. ಕೈ ನೋಡ್ರಿ. ಬೂದಿ ಹಚ್ಚಿ ಪಾತ್ರಿ ತಿಕ್ಕಿದ ಕೈ ಅವು. ನನಗ ಗೊತ್ತಾಗೂದಿಲ್ಲೇನ್ರಿ ನಮ್ಮವ್ವನ ಕೈ?"

ನಾನು ಕೈ ನೋಡಲಿಲ್ಲ. "ಕೈಗೆ ಪತ್ತಾರ ತಪ್ಪು ಇಡೂದಿಲ್ಲ" ಎಂದೆ. ಚಾವಡಿಯಲ್ಲಿ ಕೂತವರು ನಕ್ಕರು. ನನಗೂ ಆ ಮಾತು ಚೆನ್ನಾಗಿ ಬಂತೆಂದು ಹಿಗ್ಗಾಯಿತು. ಫೋಟೋ ದೇಸಾಯರ ಮನೆಗೆ ಹೋಯಿತು. ಹುಲಿಗೆವ್ವ ಫೋಟೋ ಸುತ್ತಿ ತಂದಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಗಲಲ್ಲಿ ಇಟ್ಟುಕೊಂಡು ಹೋದಳು.

ಈ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ದೇಸಾಯರ ಸೊಸೆ ನೀಲಗಂಗವ್ವ ಅಂಗಡಿಗೆ ಬಂದಳು, ಸರಕ್ಕೆ ಮೆರುಗು ಹಾಕಿಸಲು. ಆ ಹುಡುಗಿಯ ಮುಖ ನೋಡಿದರೆ ಕರುಳು ಚುರ್ ಎನ್ನುತ್ತಿತ್ತು. ಎರಡು ಬಸಿರು ಐದಾರು ತಿಂಗಳಿಗೇ ಹೋಗಿದ್ದವು, ಈಗ ಮೂರನೆಯದು ನಾಲ್ಕು ತಿಂಗಳು. ಮನೆಯ ಹಿರಿಯಳೊಬ್ಬಳು ಹಸಿದಿದ್ದಾಳೆ, ಅದಕ್ಕೇ ಹೀಗಾಗುತ್ತಿದೆ ಎಂದು ಯಾರೋ ಹೇಳಿದ್ದರಂತೆ. ಹಸಿದವಳು ದೇಸಾಯರ ತಾಯಿ. ಆ ಸರವನ್ನು ಮೊದಲು ಹಾಕಿಕೊಂಡವಳು ಅವಳೇ, ಅವಳ ಮದುವೆಗೆಂದು ನಮ್ಮಪ್ಪ ಮಾಡಿಕೊಟ್ಟದ್ದು. ಅವಳ ಫೋಟೋ ಮನೆಯಲ್ಲಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಫೋಟೋ ಇಲ್ಲದವರಿಗೆ ಹಿಡಿದ ಎಡೆ ಅವರಿಗೆ ಮುಟ್ಟುವುದಿಲ್ಲ ಎಂಬುದು ನಮ್ಮೂರಿನವರ ನಂಬಿಕೆ.

ನಾನು ಅಂಟವಾಳದ ನೀರಿನಲ್ಲಿ ಸರ ತಿಕ್ಕುತ್ತಿದ್ದೆ. ಅವಳು ಎದುರಿನ ಮಣೆಯ ಮೇಲೆ ಕೂತು ನನ್ನ ತಲೆಯ ಮೇಲಿನ ಫೋಟೋವನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಬೆರಳು ಮಡಿಚುತ್ತಿದ್ದದ್ದನ್ನು ನಾನು ಗಮನಿಸಿದ್ದರೂ ಅದರ ಅರ್ಥ ಹೊಳೆಯಲಿಲ್ಲ.

"ಕಾಕಾ, ನಿಮ್ಮವ್ವಾರ ಸರದಾಗ ಎಷ್ಟು ಪುತಳಿ?"

"ಯಾರಿಗೆ ಗೊತ್ತವ್ವಾ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಊರ ಒಡವೆಯನ್ನೆಲ್ಲ ಎಣಿಸಿದವನು ನನ್ನ ತಲೆಯ ಮೇಲಿನದನ್ನು ಒಮ್ಮೆಯೂ ಎಣಿಸಿರಲಿಲ್ಲ. ಯಾರು ತಮ್ಮ ತಾಯಿಯನ್ನು ಭೂತಗನ್ನಡಿ ಇಟ್ಟು ನೋಡುತ್ತಾರೆ? ದೀಪದ ಬುಡಕ್ಕೆ ಕತ್ತಲು.

ಅವಳು ಎದ್ದು ನಿಂತು ಫೋಟೋದ ಹತ್ತಿರ ಮುಖ ತಂದು, "ಇಪ್ಪತ್ತೊಂದು ಅದಾವ. ಏಳನೇದು ಉಲ್ಟಾ ಐತಿ ಕಾಕಾ" ಎಂದಳು. ನನ್ನ ಕೈಯಲ್ಲಿದ್ದ ಸರ ನೀರಿಗೆ ಬಿತ್ತು.

ಅವಳು ಹೋದ ಮೇಲೆ ಫೋಟೋ ಇಳಿಸಿ ಭೂತಗನ್ನಡಿ ಇಟ್ಟೆ. ಅವಳು ಹೇಳಿದ್ದು ಖರೆ. ಆಗ ನೆನಪಾಯಿತು ನನಗೆ, ದೇಸಾಯರ ಮನೆಯವರು ಯಾರೇ ಅಂಗಡಿಗೆ ಬಂದರೂ ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಆ ಫೋಟೋದ ಮೊಳೆಗೆ ತೂಗುಹಾಕುತ್ತಿದ್ದ. ಫೋಟೋ ಪೂರ್ತಿ ಮುಚ್ಚುತ್ತಿತ್ತು. ದೊಡ್ಡವರು ಬಂದಾಗ ಹೆಗಲು ಬರಿದು ಮಾಡುವ ಮರ್ಯಾದೆ ಎಂದುಕೊಂಡಿದ್ದೆ ನಾನು. ಅದು ಮರ್ಯಾದೆಯಾಗಿರಲಿಲ್ಲ. ಅಪ್ಪ ಗಿರಾಕಿಯ ಸರ ಮುಗಿಸಿ, ಕೊಟ್ಟುಬರುವ ಮೊದಲು, ಬರಿಗೊರಳಿನ ಹೆಂಡತಿಗೆ ಅದನ್ನು ಹಾಕಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದ. ಸಂಜೆಯೋ ಮರುದಿನವೋ ಸರ ದೇಸಾಯರ ಮನೆಗೆ ಹೋಯಿತು. ಊರಿಗೆಲ್ಲ ಒಡವೆ ಮಾಡುವ ಮನೆಯಲ್ಲಿ ಅವಳಿಗೆಂದು ಒಂದು ತಪ್ಪು ಮಾಡಿಡಲು ನನ್ನಪ್ಪನಿಗೆ ಆಗಿರಲಿಲ್ಲ.

ಆಮೇಲೆ ಮೊದಲ ಬಾರಿಗೆ ನಾನು ಅವಳ ಕೈ ನೋಡಿದೆ. ಎಪ್ಪತ್ತೆರಡು ವರ್ಷದ ಮುದುಕ ಮೊದಲ ಬಾರಿಗೆ ನೋಡಿದೆ. ಬಲಗೈಯ ಎರಡು ಉಗುರು ಇದ್ದಿಲಿನಿಂದ ಕಪ್ಪಾಗಿದ್ದವು. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಗಾಯದ ಕಲೆ, ಬಂಗಾರ ಕರಗಿಸುವ ಬಿಸಿ ಮೂಸೆ ಎತ್ತುವಾಗ ಚಿಮಟಿಗೆ ಜಾರಿದರೆ ಆಗುವಂಥದ್ದು. ಅಂಥದೇ ಕಲೆ ಅದೇ ಜಾಗದಲ್ಲಿ ನನಗೂ ಇದೆ. ಅವಳು ಅಪ್ಪನ ಜೊತೆ ಬೆಂಕಿಯ ಮುಂದೆ ಕೂತು ಕೆಲಸ ಮಾಡಿದ್ದಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೂತಲ್ಲೇ ಅತ್ತುಬಿಟ್ಟೆ.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ಚಾವಡಿ ತುಂಬಿತ್ತು. ನನ್ನ ಅಂಗಡಿಯ ಫೋಟೋ ತಮ್ಮ ತಾಯಿಯದೆಂದು ಕೇಳಲು ದೇಸಾಯರು ಸೊಸೆಯ ಜೊತೆ ಕೋಲೂರಿಕೊಂಡು ತಾವೇ ಬಂದಿದ್ದರು, ಫೋಟೋ ನನ್ನ ಮುಂದಿತ್ತು. ನಾನು ಎಲ್ಲವನ್ನೂ ಹೇಳಿದೆ, ಅಪ್ಪನ ಟವೆಲಿನ ಸಮೇತ. ನನ್ನಪ್ಪ ಗಿರಾಕಿಯ ಒಡವೆ ಹೆಂಡತಿಗೆ ಹಾಕಿದ ಎಂದು ನಾಲ್ಕು ಜನರ ಎದುರು ಒಪ್ಪಿಕೊಳ್ಳುವುದು ಪತ್ತಾರನಿಗೆ ಸಣ್ಣ ಮಾತಲ್ಲ. ಹಿಂದಿನಿಂದ ಯಾರೋ, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡೂದಿಲ್ಲಂತ" ಎಂದರು. ಯಾರೂ ನಗಲಿಲ್ಲ.

ದೇಸಾಯರು ಕೋಪ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಕಾಳಪ್ಪಾ, ನಾ ಮೂರು ವರ್ಷದಾಂವ ಇದ್ದಾಗ ನಮ್ಮವ್ವ ಹೋದ್ಲು. ಆಕಿದು ಒಂದು ಫೋಟೋ ತಗಸಿದ್ರಂತ ಕೇಳೇನಿ, ಕಣ್ಣಿಲೆ ನೋಡಿಲ್ಲ. ಅರವತ್ತೈದು ವರ್ಷ ಬರೀ ಗ್ವಾಡಿಗೆ ಎಡಿ ಹಿಡದೇನಿ. ಸ್ಟುಡಿಯೋದಾಂವ ತಪ್ಪಿ ನಿಮ್ಮಪ್ಪನ ಕೈಯಾಗ ಕೊಟ್ಟಿರಬೇಕು. ನಿನಗ ತಾಯಿ ಬೇಕಾದಂಗ ನನಗೂ ಬೇಕಲ್ಲೋ."

"ಧಣಿ, ಕೈ ನೋಡ್ರಿ. ಮೂಸಿ ಎತ್ತಿದ ಕೈ ಇವು. ನಿಮ್ಮ ಮನ್ಯಾಗ ಯಾವ ಹೆಣಮಗಳು ಇದ್ದಲಿ ಮುಟ್ಯಾಳ? ಇಲ್ಲಿ ಸುಟ್ಟದ್ದು ನೋಡ್ರಿ, ನನ್ನ ಕೈಯಾಗೂ ಐತಿ." ನಾನು ಫೋಟೋದ ಪಕ್ಕಕ್ಕೆ ನನ್ನ ಕೈ ಹಿಡಿದೆ.

ಗಾಣಿಗೇರ ಶಿವಪ್ಪ ಎದ್ದ. ನನ್ನ ಓರಗೆಯವನು, ಕೆಟ್ಟವನಲ್ಲ. "ಕಾಳಪ್ಪಣ್ಣಾ, ಕೈಗೆ ಪತ್ತಾರ ತಪ್ಪು ಇಡೂದಿಲ್ಲಂತ ಇಲ್ಲೇ ಕುಂತು ಹೇಳಿದಾಂವ ನೀನ. ಇನ್ನೊಬ್ಬರ ಸರ ಹಾಕ್ಕೊಂಡು ಫೋಟೋ ತಗಸ್ತಿದ್ರು ಅಂತ ಇವತ್ತು ಒಪ್ಪಿದ್ವಿ ಅಂದ್ರ, ನಮ್ಮ ಗ್ವಾಡಿ ಮ್ಯಾಗ ಇರಾಕಿ ಯಾರು? ಐವತ್ತು ವರ್ಷ ನೀ ಹೇಳಿದ್ದೆಲ್ಲಾ ಏನಾತು? ನಾಳೆ ನಮ್ಮಜ್ಜಿ ನಮ್ಮಜ್ಜಿ ಅಲ್ಲ ಅಂದ್ರ ನಾ ಯಾರಿಗೆ ಎಡಿ ಹಿಡೀಲೋ ಯಪ್ಪಾ?"

ಚಾವಡಿಯಲ್ಲಿ ಎಲ್ಲರೂ ತಮ್ಮ ತಮ್ಮ ಮನೆಯ ಗೋಡೆಯನ್ನು ನೆನೆಸಿಕೊಳ್ಳುತ್ತಿದ್ದರು, ನನಗೆ ಅದು ತಿಳಿಯುತ್ತಿತ್ತು. ಹಿಂದಿನ ಕಂಬದ ಬಳಿ ಹುಲಿಗೆವ್ವ ನಿಂತಿದ್ದಳು, ತಲೆಯೆಲ್ಲ ಬೆಳ್ಳಗಾಗಿತ್ತು. "ಹುಲಿಗೆವ್ವಂದೂ ತಪ್ಪಿ ಹೇಳೇನಿ, ಆ ಫೋಟೋ ಆಕೀಗೆ ಕೊಡ್ರಿ" ಎಂದು ನಾನು ಕೂಗಿದ್ದೂ ಯಾರ ಕಿವಿಗೂ ಹೋಗಲಿಲ್ಲ. ಹೋಗಿದ್ದರೂ ಅವರ ಹೆದರಿಕೆಯನ್ನು ಹೆಚ್ಚು ಮಾಡಿತು, ಅಷ್ಟೆ.

ನೀಲಗಂಗವ್ವ ಭೂತಗನ್ನಡಿ ಎತ್ತಿ ನನ್ನ ಕೈಗೆ ಕೊಟ್ಟಳು. "ಹೇಳ್ರಿ ಕಾಕಾ, ನಿಮ್ಮ ಬಾಯಿಲೇ ಹೇಳ್ರಿ" ಎಂದಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಹೇಳದೆ ಇರಬಹುದಿತ್ತು. ಆದರೆ ಹೇಳದೆ ಉಳಿದ ಫೋಟೋ ಕೆರೆಗೆ ಹೋಗುತ್ತದೆ, ಹೊತ್ತು ಆಗಲೇ ಇಳಿಯುತ್ತಿತ್ತು. ನನ್ನವ್ವ ಎಂದರೆ ಒಪ್ಪುವವರಿಲ್ಲ. ಇನ್ನೊಬ್ಬರ ತಾಯಿಯಾದರೂ ಆಗಿ ಗೋಡೆಯ ಮೇಲೆ ಇರಲಿ, ನೀರಿನಲ್ಲಿ ಕರಗುವುದು ಬೇಡ ಎನ್ನಿಸಿತು. ಕಣ್ಣಿಗೆ ಏನೂ ಕಾಣದಿದ್ದರೂ ಭೂತಗನ್ನಡಿಯನ್ನು ಸರದ ಮೇಲೆ ಹಿಡಿದು, ಐವತ್ತು ವರ್ಷ ಹೇಳಿದ ದನಿಯಲ್ಲೇ ಹೇಳಿದೆ: "ಪುತಳಿ ಇಪ್ಪತ್ತೊಂದು. ಏಳನೇದು ತಲಿಕೆಳಗ. ದೇಸಾಯರ ಮನಿ." ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ ಇರಬೇಕು. ದೇಸಾಯರು ಫೋಟೋವನ್ನು ಎದೆಗೆ ಒತ್ತಿಕೊಂಡು ಸಣ್ಣ ಕೂಸಿನ ಹಾಗೆ ಅತ್ತರು. ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

ಅಮಾವಾಸ್ಯೆಯ ದಿನ ನಾನು ಅಂಗಡಿ ತೆರೆಯಲಿಲ್ಲ. ಒಲೆಯನ್ನೂ ಹಚ್ಚಲಿಲ್ಲ. ಯಾರಿಗೆಂದು ಹಚ್ಚಲಿ? ಊರೆಲ್ಲ ಹೋಳಿಗೆಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ಹುಲಿಗೆವ್ವ ಬಂದು ಹೊಸ್ತಿಲ ಹೊರಗೆ ನಿಂತಳು. ನಾನು ಎದ್ದು ಹೋಗಿ, "ಹುಲಿಗೆವ್ವಾ, ನಾ ನಿನಗ ಮಾಡಿದ್ದು..." ಎಂದೆ.

"ಅದನ್ನ ಬಿಡ್ರಿ ಎಪ್ಪಾ. ಬರ್ರಿ, ಎಡಿ ಹಿಡಿಯೂ ಹೊತ್ತಾತು" ಎಂದಳು.

ದೇಸಾಯರ ಮನೆಯ ಬಗಲಿಗೆ ದನದ ಕೊಟ್ಟಿಗೆಗೆ ಹೋಗುವ ಸಂದಿ ಇದೆ. ಅಲ್ಲಿ ಒಂದು ಕಿಟಕಿ, ಎದೆಯೆತ್ತರಕ್ಕೆ. ಪ್ರತಿ ಅಮಾವಾಸ್ಯೆಗೂ ಅವಳು ಅಲ್ಲಿ ನಿಂತು, ಇನ್ನೊಬ್ಬರ ಹೆಸರಿನಲ್ಲಿ ತನ್ನ ತಾಯಿಗೆ ಎಡೆ ಹಿಡಿಯುವುದನ್ನು ನೋಡಿ, ಕೈಮುಗಿದು ಹೋಗುತ್ತಿದ್ದಳಂತೆ. ಇಪ್ಪತ್ತೆರಡು ವರ್ಷ. "ಎಡಿ ಅಂತೂ ಮುಟ್ಟತೈತ್ರಿ. ನಮ್ಮ ಮನ್ಯಾಗಿದ್ರ ಹೋಳಿಗಿ ಎಲ್ಲಿಂದ ಬರ್ತಿತ್ತು" ಎಂದಳು. ಅವಳು ಒಂದು ಬದಿಗೆ ಸರಿದು ನನಗೆ ಜಾಗ ಬಿಟ್ಟಳು.

ಒಳಗೆ ಗೋಡೆಯ ಮೇಲೆ ಮೂರು ಫೋಟೋ ಸಾಲಾಗಿದ್ದವು. ಒಂದು ದೇಸಾಯರ ತೀರಿಕೊಂಡ ಹೆಂಡತಿ, ಒಂದು ದೇಸಾಯರ ಕಾಕಿ ಎನ್ನಿಸಿಕೊಂಡ ದುರಗವ್ವ, ಒಂದು ದೇಸಾಯರ ತಾಯಿ ಎನ್ನಿಸಿಕೊಂಡ ನಮ್ಮವ್ವ; ಯಾವುದು ಯಾರು ಎಂದು ಮಾತ್ರ ಹೇಳುವಂತಿರಲಿಲ್ಲ. ಮೂವರ ಕೊರಳಲ್ಲೂ ಅದೇ ಸರ. ಮೂರಕ್ಕೂ ಹೊಸ ಕಟ್ಟು ಹಾಕಿಸಿದ್ದರು, ಮೊಟ್ಟೆಯಾಕಾರದ್ದು, ಬಂಗಾರದ ಬಣ್ಣದ್ದು. ಆ ಕಟ್ಟಿಗೆ ಕೂರುವ ಹಾಗೆ ಫೋಟೋಗಳನ್ನು ಸುತ್ತಲೂ ಕತ್ತರಿಸಿದ್ದರು. ಸೀರೆ ಇರಲಿಲ್ಲ, ಕುರ್ಚಿ ಇರಲಿಲ್ಲ. ಒಂದು ಬೆಳ್ಳನೆಯ ತಲೆ, ಒಂದು ಕೊರಳು, ಒಂದು ಸರ. ನೀಲಗಂಗವ್ವ ಮೂರರ ಮುಂದೆಯೂ ಎಲೆ ಹಾಕಿ, ಹೋಳಿಗೆಯ ಮೇಲೆ ತುಪ್ಪ ಬಿಡುತ್ತಿದ್ದಳು.

"ಯಾವುದ್ರಿ ನಿಮ್ಮವ್ವ?" ಎಂದು ಹುಲಿಗೆವ್ವ ಮೆಲ್ಲಗೆ ಕೇಳಿದಳು.

ನಾನು ಎಡದಿಂದ ಎಣಿಸಿದೆ. ಮೂರರಲ್ಲೂ ಏಳನೆಯದು ತಲೆಕೆಳಗಾಗಿತ್ತು. ಇನ್ನೊಮ್ಮೆ ಎಣಿಸಿದೆ. ಅರವತ್ತು ವರ್ಷ ದಿನಾ ಬೆಳಿಗ್ಗೆ ಕೈಮುಗಿದವನಿಗೆ ತಾಯಿಯ ಕೊರಳು ಉದ್ದವೋ ಗಿಡ್ಡವೋ ಎಂದು ಗೊತ್ತಿರಲಿಲ್ಲ.

"ತಿಳೀವಲ್ದವ್ವಾ" ಎಂದೆ. "ನಿನಗ ನಿಮ್ಮವ್ವ ಗುರ್ತು ಸಿಗತಾಳಲ್ಲ?"

ಅವಳು ಕಿಟಕಿಯ ಸರಳು ಹಿಡಿದು ಮೂರನ್ನೂ ಒಂದೊಂದಾಗಿ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು.

"ಹೋದ ವರ್ಷದ ತನಕಾ ಕೈ ಇದ್ವುರಿ" ಎಂದಳು. "ಚಾವಡ್ಯಾಗ ನೀವು ಕೈ ಮಾತು ತಗದ್ರಲ್ಲ, ಮರುದಿನಾನ ಎಲ್ಲಾ ಕತ್ತರ್ಸಿಬಿಟ್ರು."

ಒಳಗೆ ಕರ್ಪೂರ ಹಚ್ಚಿದರು. ಹುಲಿಗೆವ್ವ ಸೆರಗು ಸರಿಮಾಡಿಕೊಂಡು ಮೂರಕ್ಕೂ ಸೇರಿಸಿ ಒಮ್ಮೆ ಕೈಮುಗಿದಳು. ನಾನೂ ಮುಗಿದೆ.